ನಿಂಬೆ ಗಿಡದ ಕೆಳಗಿನ ಜಾಯಿಂಟು

ಟೈಲರಕ್ಕನ ಮಾವನಿಗೆ ಪಾರ್ಶ್ವವಾಯು ಬಡಿದು ವರ್ಷವಾಗುವ ಹೊತ್ತಿಗೆ ಅವರ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಆಯ್ತು." ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು. ಫ್ಯಾನ್ ಹಾಕು ಅನ್ನುವುದಕ್ಕೂ ಅದೇ, ಆರಿಸು ಅನ್ನುವುದಕ್ಕೂ ಅದೇ. ಮನೆಯವರು ಆ ಮಾತಿನ ಏರಿಳಿತ ನೋಡಿ ಅರ್ಥ ಮಾಡಿಕೊಳ್ಳಬೇಕು. ಮೆಲ್ಲಗೆ ಎಳೆದು ಹೇಳಿದರೆ ಚಹಾ ಬೇಕು ಅಂತ, ತುಂಡು ಮಾಡಿ ಹೇಳಿದರೆ ಸಾಕು ಅಂತ. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ತಲೆಗೆ ಮಾತ್ರ ಏನೂ ಆಗಿರಲಿಲ್ಲ. ಅದು ಅವರ ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಹಾಗೆ ನೋಡಿದರೆ ಆ ಮನುಷ್ಯ ನಲವತ್ತು ವರ್ಷ ಬಾಯಿಂದಲೇ ಬದುಕಿದವರು. ಊರಿನ ಅರ್ಧಕ್ಕರ್ಧ ಮನೆಗಳ ಪೈಪು ಎಳೆದು ನಲ್ಲಿ ಕೂರಿಸಿದ್ದು ಅವರೇ. ಎಲ್ಲರೂ ಕರೆಯುತ್ತಿದ್ದದ್ದು ಮೇಸ್ತ್ರಿ ಅಂತ. ಮೂರನೇ ಮಹಡಿಯಲ್ಲಿ ನಿಂತು ಕೂಗಿದರೆ ಬೀದಿ ಕೊನೆಯ ಅಂಗಡಿಯವನು ಸಾಮಾನು ಕೊಟ್ಟು ಕಳಿಸುತ್ತಿದ್ದನಂತೆ. ಸೊಸೆಯಾಗಿ ಬಂದ ಹೊಸತರಲ್ಲಿ ಟೈಲರಕ್ಕ ಆ ದನಿಗೆ ಹೆದರಿ ಅಡುಗೆಮನೆಯಿಂದ ಆಚೆಗೇ ಬರುತ್ತಿರಲಿಲ್ಲ. ಆಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡಳು. ಬೀದಿಯವರ ಅಂಗಿ, ಶಾಲೆ ಮಕ್ಕಳ ಸಮವಸ್ತ್ರ, ಕಿಟಕಿ ಪರದೆ, ಎಲ್ಲಾ ಅವಳ ಕೈಗೆ ಬರತೊಡಗಿದವು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕಾ ಅಂತಲೇ ಕರೆಯತೊಡಗಿದರು. ಮೆಷಿನ್ನಿನ ಸದ್ದಲ್ಲಿ ಮಾವನ ಕೂಗಾಟ ಅಷ್ಟಾಗಿ ಕೇಳಿಸದೇ ಹೋಯಿತು.

ಅವರಿಬ್ಬರ ನಡುವೆ ನಿಜವಾದ ಜಗಳ ಅಂತ ಆಗಿದ್ದು ಒಂದೇ ಸಲ, ಅದೂ ಹಿತ್ತಲಿಗಾಗಿ. ಆಗ ಹಿತ್ತಲು ಅಂದರೆ ಮೇಸ್ತ್ರಿಯ ಗುಜರಿ. ಬಾಗಿದ ಪೈಪು, ಒಡೆದ ಬೇಸಿನ್ನು, ತುಕ್ಕು ಹಿಡಿದ ವಾಲ್ವುಗಳ ರಾಶಿ. ಟೈಲರಕ್ಕ ಅದನ್ನೆಲ್ಲ ಒಂದು ಮೂಲೆಗೆ ತಳ್ಳಿ ಟೊಮೆಟೊ, ಬದನೆ, ಮೆಣಸಿನಕಾಯಿ, ಒಂದು ಮಡಿ ಸೊಪ್ಪು ಹಾಕಿದಳು. ಮಾವ ಗೊಣಗುತ್ತಾ ಸುಮ್ಮನಿದ್ದರು. ನಿಂಬೆ ಸಸಿ ನೆಡಲು ಗೋಡೆ ಪಕ್ಕ ಗುಂಡಿ ತೋಡಿದಾಗ ಮಾತ್ರ, "ಅಲ್ಲಿ ಬೇಡ!" ಅಂತ ಅಬ್ಬರಿಸಿದರು. ಏಕೆ ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಆಗ ಬದುಕಿದ್ದ ಅತ್ತೆ ಸೊಸೆಯ ಪರ ನಿಂತು, "ನಿಮ್ಮ ತುಕ್ಕು ಪೈಪಿಗಿಂತ ಅವಳ ನಿಂಬೆಹಣ್ಣೇ ಮೇಲು, ಸುಮ್ನಿರಿ" ಅಂದುಬಿಟ್ಟರು. ಮೇಸ್ತ್ರಿ ಮುಖ ಗಂಟು ಹಾಕಿಕೊಂಡು ಹೊರಟುಹೋದರು. ನಿಂಬೆ ಅಲ್ಲೇ ಬೆಳೆಯಿತು.

ಈ ಬೇಸಿಗೆಯಲ್ಲಿ ನೀರಿಗೆ ತತ್ವಾರ ಬಂತು. ದಿನಾ ಬರುತ್ತಿದ್ದ ನಲ್ಲಿ ನೀರು ಮೂರು ದಿನಕ್ಕೊಮ್ಮೆ, ಅದೂ ಬೆಳಗ್ಗೆ ಐದರಿಂದ ಏಳರವರೆಗೆ ಮಾತ್ರ ಅಂತಾಯಿತು. ಗೇಟಿನ ಹತ್ತಿರದ ಮೀಟರಿನಿಂದ ಹೊರಟ ಪೈಪು ಮನೆಯ ಪಕ್ಕದಲ್ಲಿ ನೆಲದೊಳಗೇ ಸಾಗಿ ಹಿತ್ತಲಿನ ಸಿಮೆಂಟು ತೊಟ್ಟಿಗೆ ಬೀಳುತ್ತಿತ್ತು. ಎರಡು ಗಂಟೆ ಬಿಟ್ಟರೆ ತೊಟ್ಟಿ ತುಂಬಬೇಕು. ಇವರ ಮನೆಯಲ್ಲಿ ಅರ್ಧಕ್ಕೂ ಬರುತ್ತಿರಲಿಲ್ಲ. ಮೂರನೇ ದಿನ ಸಂಜೆಗೆ ಚೊಂಬು ಹಾಕಿದರೆ ತಳ ಕೆರೆಯುವ ಸದ್ದು.

ಟೈಲರಕ್ಕನಿಗೆ ತಲೆ ಕೆಟ್ಟುಹೋಯಿತು. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು. ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ. ಮನೆಯಲ್ಲಿ ಹಾಸಿಗೆಯ ಬಟ್ಟೆ ದಿನಾ ಒಗೆಯಬೇಕಾದ ಮಾವ. ಒಂದು ಬೆಳಗ್ಗೆ ಅವಳು ಬೀದಿಯಲ್ಲಿ ಉದ್ದದ ಕಬ್ಬಿಣದ ಕೀಲಿ ಹಿಡಿದು ವಾಲ್ವು ತಿರುಗಿಸುತ್ತಿದ್ದ ನೀರಗಂಟಿಯನ್ನು ತರಾಟೆಗೆ ತೆಗೆದುಕೊಂಡಳು.

"ಎದುರುಮನೆ ಟೀಚರ್ ತೊಟ್ಟಿ ಉಕ್ಕಿ ಹರೀತಾ ಇದೆ. ನಮ್ಮ ಮನೆ ಕಂಡ್ರೆ ನಿಂಗೇನು ಹೊಟ್ಟೆಉರಿ?"

"ಅಕ್ಕಾ, ಒಂದೇ ಲೈನು, ಒಂದೇ ವಾಲ್ವು. ನಿಮ್ಮನೆಗೆ ಬೇರೆ, ಅವರ ಮನೆಗೆ ಬೇರೆ ಅಂತ ಬಿಡೋಕೆ ನನ್ನ ಹತ್ರ ಏನು ಮಂತ್ರ ಇದ್ಯಾ?"

"ಬಾಯಿ ಮಾತ್ರ ಜೋರು" ಅಂತ ಹೇಳಿ ಅವಳು ಗೇಟು ಧಡಾರನೆ ಹಾಕಿಕೊಂಡು ಬಂದಳು.

ಒಳಗೆ ಬಂದರೆ ಮಾವನದ್ದು ಬೇರೆ ರಂಪ. ಹಿಂಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತವರು ಎಡಗೈಯ ಊರುಗೋಲಿನಿಂದ ಗೋಡೆಗೆ ಬಡಿಯುತ್ತಾ ಹಿತ್ತಲ ಕಡೆ ತೋರಿಸುತ್ತಿದ್ದರು. "ಆಯ್ತು! ಆಯ್ತು! ಆಯ್ತು!" ಮುಖ ಕೆಂಪೇರಿತ್ತು. ಕೋಲಿನ ತುದಿ ಅವಳ ಗಿಡಗಳ ಕಡೆಗೇ ಇತ್ತು.

ಅವಳಿಗೆ ಅರ್ಥವಾಗಿದ್ದು ಇಷ್ಟು: ಕುಡಿಯಲು ನೀರಿಲ್ಲದಿರುವಾಗ ಗಿಡಕ್ಕೆ ಯಾಕೆ ಸುರಿಯುತ್ತೀಯ ಅಂತ ಬೈಯುತ್ತಿದ್ದಾರೆ. ಹಳೆಯ ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಕಣ್ಣು ತುಂಬಿತು. "ಹಾಕಲ್ಲ ಮಾವ, ಇವತ್ತಿಂದ ಒಂದು ಹನಿನೂ ಹಾಕಲ್ಲ. ಒಣಗ್ಲಿ ಬಿಡಿ" ಅಂದಳು. ಅಂದಂತೆಯೇ ಮಾಡಿದಳು. ಪಾತ್ರೆ ತೊಳೆದ ನೀರನ್ನೂ ಹಟಕ್ಕೆ ಮೋರಿಗೇ ಚೆಲ್ಲಿದಳು. ಒಂದು ವಾರಕ್ಕೆ ಟೊಮೆಟೊ ಗಿಡ ಜೋತುಬಿತ್ತು, ಬದನೆಯ ಎಲೆ ಹಳದಿಯಾಯಿತು.

ಆದರೂ ಮಾವನ ಗಲಾಟೆ ನಿಲ್ಲಲಿಲ್ಲ. ಎರಡು ದಿನ ತಣ್ಣಗಿರುತ್ತಿದ್ದರು. ಮೂರನೇ ದಿನ ಬೆಳಗಾಗುವ ಮೊದಲೇ ಶುರುವಾಗುತ್ತಿತ್ತು. ಒಂದು ಸಲ ಅವರ ಕೋಲು ಸೀದಾ ನಿಂಬೆ ಗಿಡದ ಕಡೆ ನಿಂತಿತು. "ಅದನ್ನೂ ಕಿತ್ತು ಹಾಕ್ಲಾ?" ಅಂತ ಅವಳು ರೇಗಿದಳು. ಮೇಸ್ತ್ರಿ ಕೋಲನ್ನು ನೆಲಕ್ಕೆ ಬಿಸಾಕಿ ಮುಖ ಆಚೆ ತಿರುಗಿಸಿಕೊಂಡರು. ಅದನ್ನು ಕಂಡು ಅವಳಿಗೆ ಏಕೋ ಸಂಕಟವಾಯಿತು. ಆದರೆ ಏನು ಅಂತ ತಿಳಿಯಲಿಲ್ಲ.

ಅದೇ ವಾರ ಎದುರುಮನೆ ಟೀಚರ್ ಅಂಗಿ ತೆಗೆದುಕೊಂಡು ಹೋಗಲು ಬಂದವರು ಹಿತ್ತಲಿಗೆ ಇಣುಕಿದರು.

"ಎಲ್ಲಾ ಬಾಡಿದೆ, ನಿಂಬೆ ಬುಡ ಮಾತ್ರ ಹಸಿರಾಗಿದೆಯಲ್ರೀ! ಹುಲ್ಲು ನೋಡಿ, ಎಷ್ಟು ಸೊಗಸಾಗಿ ಬಂದಿದೆ. ಅದೊಂದಕ್ಕೆ ಕದ್ದು ನೀರು ಹಾಕ್ತೀರಾ?"

"ಒಗೆಯೋ ಕಲ್ಲು ಅಲ್ಲೇ ಇದೆಯಲ್ಲ, ಅದರ ನೀರು ಇಂಗುತ್ತೇನೋ" ಅಂದಳು ಟೈಲರಕ್ಕ. ಅದಕ್ಕಿಂತ ಹೆಚ್ಚು ಅವಳು ಯೋಚಿಸಲಿಲ್ಲ. ಮೇಜಿನ ಮೇಲೆ ಹನ್ನೆರಡು ಸಮವಸ್ತ್ರ ಕಾಯುತ್ತಿದ್ದವು.

ಮತ್ತೆ ನೀರು ಬರುವ ದಿನ. ಐದೂವರೆಗೆ ಎಚ್ಚರವಾಗಿ ಅವಳು ನೋಡಿದರೆ ಮಾವನ ಹಾಸಿಗೆ ಖಾಲಿ. ಹಿಂಬಾಗಿಲು ತೆರೆದಿತ್ತು. ಓಡಿಹೋಗಿ ನೋಡಿದರೆ ನಿಂಬೆ ಗಿಡದ ಬುಡದಲ್ಲಿ ಮೇಸ್ತ್ರಿ ಮಗ್ಗುಲಾಗಿ ಬಿದ್ದಿದ್ದರು. ಅರ್ಧ ಮುಖ ಮಣ್ಣಿಗೆ ಅಂಟಿತ್ತು.

"ಮಾವಾ! ಅಯ್ಯೋ ಮಾವಾ!"

ಅವಳು ಪಕ್ಕದಲ್ಲಿ ಕುಸಿದು ಅವರ ತಲೆ ಎತ್ತಲು ಹೋದಳು. ಮೇಸ್ತ್ರಿ ಕಣ್ಣು ಬಿಟ್ಟೇ ಇದ್ದರು. ಬಿದ್ದವರ ಕಣ್ಣಲ್ಲ ಅದು, ಕೆಲಸದಲ್ಲಿರುವವರ ಕಣ್ಣು. "ಶ್" ಅನ್ನುವಂತೆ ತುಟಿ ಮಾಡಿ ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದು ಕೆಳಗೆ ಎಳೆದರು. ಅವರ ಮುಖದ ಮುಂದೆ ಟೊಮೆಟೊ ಗಿಡಕ್ಕೆ ಆಸರೆಗೆಂದು ಅವಳೇ ತಂದಿಟ್ಟಿದ್ದ ಕಬ್ಬಿಣದ ಸರಳು ಮಣ್ಣಿಗೆ ಚುಚ್ಚಿಕೊಂಡಿತ್ತು. ಅದರ ತುದಿಗೆ ಕಿವಿಯಿಡು ಅಂತ ಸನ್ನೆ ಮಾಡಿದರು.

ಅವಳು ಕಿವಿಯಿಟ್ಟಳು. ಮೊದಲು ತನ್ನ ಎದೆಬಡಿತವೇ ಕೇಳಿಸಿತು. ಆಮೇಲೆ ಅದರ ಹಿಂದೆ, ಆಳದಲ್ಲಿ, ಬಿಡದೆ ಒಂದೇ ಸಮ ಸ್ಸ್ಸ್ ಅನ್ನುವ ಸದ್ದು.

"ನೀರು" ಅಂದಳು ಅವಳು ಪಿಸುದನಿಯಲ್ಲಿ. "ಮಾವ, ಒಳಗೆ ನೀರು ಹೋಗ್ತಾ ಇದೆ!"

"ಆಯ್ತು" ಅಂದರು ಮೇಸ್ತ್ರಿ. ಒಂದು ತಿಂಗಳಿಂದ ಹೊತ್ತ ಭಾರವನ್ನು ಇಳಿಸಿಟ್ಟಂತೆ.

ಆಗ ಅವಳಿಗೆ ಒಂದೊಂದೇ ಹೊಳೆಯಿತು. ಅವರು ಕೂಗಾಡುತ್ತಿದ್ದದ್ದು ನೀರು ಬರುವ ದಿನ ಮಾತ್ರ. ತೊಟ್ಟಿಗೆ ಬೀಳುವ ಧಾರೆ ತೆಳ್ಳಗಾಗಿದ್ದನ್ನು ಕುರ್ಚಿಯಲ್ಲಿ ಕೂತೇ ಕಿವಿಯಿಂದ ಕಂಡುಹಿಡಿದಿದ್ದರು. ಈ ಪೈಪನ್ನು ಮೂವತ್ತು ವರ್ಷದ ಹಿಂದೆ ನೆಲಕ್ಕೆ ಇಳಿಸಿದ್ದೂ ಅವರೇ. ಎಲ್ಲಿ ಯಾವ ಜಾಯಿಂಟಿದೆ ಅಂತ ಅವರಿಗೆ ತಮ್ಮ ಅಂಗೈಯಷ್ಟೇ ಗೊತ್ತು. ಅದನ್ನು ಹೇಳಲು ಇದ್ದದ್ದು ಮಾತ್ರ ಒಂದೇ ಶಬ್ದ.

ಅವಳು ಅವರನ್ನು ಎಬ್ಬಿಸಿ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಅವರು ತೊಟ್ಟಿಯ ವಾಲ್ವು ತೋರಿಸಿ ಕೈ ತಿರುಗಿಸಿದರು. ಅವಳು ಅದನ್ನು ಬಂದ್ ಮಾಡಿದಳು. ತೊಟ್ಟಿಗೆ ನೀರು ನಿಂತರೂ ನೆಲದೊಳಗಿನ ಸದ್ದು ನಿಲ್ಲಲಿಲ್ಲ. ಗೇಟಿನ ಹತ್ತಿರ ಹೋಗಿ ಮೀಟರು ನೋಡು ಅಂತ ಸನ್ನೆ ಮಾಡಿದರು, ಆ ಕಡೆಗೂ ತಮ್ಮ ಕಣ್ಣಿಗೂ ಬೆರಳು ತೋರಿಸಿ. ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದರೂ ಮೀಟರಿನ ಚಿಕ್ಕ ಚಕ್ರ ಬುಗುರಿಯಂತೆ ಸುತ್ತುತ್ತಿತ್ತು. ಅಲ್ಲಿನ ವಾಲ್ವನ್ನೂ ಮುಚ್ಚಿ ಬಂದು ಸರಳಿಗೆ ಕಿವಿಯಿಟ್ಟಳು. ನೆಲ ಮೌನವಾಗಿತ್ತು.

"ಯಾರನ್ನಾದ್ರೂ ಕರೆಸ್ಲಾ ಮಾವ?"

ಮೇಸ್ತ್ರಿ ಅವಳನ್ನು ನೋಡಿದ ನೋಟಕ್ಕೆ ಅವಳು ನಾಲಿಗೆ ಕಚ್ಚಿಕೊಂಡಳು. ಯಾರನ್ನು ಯಾರ ಮುಂದೆ ಕರೆಸುವುದು! ಒಳಗೆ ಹೋಗಿ ಮಂಚದ ಕೆಳಗಿಂದ ಅವರ ಸಾಮಾನಿನ ಪೆಟ್ಟಿಗೆಯನ್ನು ಎಳೆದು ತಂದಳು. ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದದ್ದೇ ಮೇಸ್ತ್ರಿ ಒಂದೊಂದು ಸ್ಪ್ಯಾನರನ್ನೂ ಎಡಗೈಯಿಂದ ಮುಟ್ಟಿ ಮುಟ್ಟಿ ನೋಡಿದರು, ಊರಿಗೆ ಹೋಗಿ ಬಂದವರು ಮಕ್ಕಳ ತಲೆ ಸವರುವ ಹಾಗೆ.

ಟೈಲರಕ್ಕ ಗುದ್ದಲಿ ಹಿಡಿದಳು. ಮಣ್ಣು ಮೆತ್ತಗೆ ಕೆಸರಾಗಿದ್ದರಿಂದ ಅಗೆಯುವುದು ಕಷ್ಟವಾಗಲಿಲ್ಲ. ಮೊಳದಾಳಕ್ಕೆ ಹೋದಾಗ ಪೈಪು ಸಿಕ್ಕಿತು. ಜಾಯಿಂಟಿಗೆ ಹೆಬ್ಬೆರಳು ದಪ್ಪದ ನಿಂಬೆ ಬೇರು ಸುತ್ತಿಕೊಂಡು, ಅದನ್ನು ಒಂದು ಪಕ್ಕಕ್ಕೆ ಒತ್ತಿ ಸೀಳಿತ್ತು.

ಅವಳು ಗುದ್ದಲಿ ಕೆಳಗಿಟ್ಟಳು. "ನೀವು ಅವತ್ತೇ ಹೇಳಿದ್ರಿ, ಅಲ್ಲಿ ಬೇಡ ಅಂತ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಈ ಗಿಡಾನೇ ಕಡಿದುಬಿಡ್ತೀನಿ."

ಅವಳು ಗರಗಸಕ್ಕೆ ಕೈ ಹಾಕಿದಳು. ಮೇಸ್ತ್ರಿ ಊರುಗೋಲನ್ನು ಅಡ್ಡ ಹಿಡಿದರು. ತಲೆ ಅಲ್ಲಾಡಿಸಿ ಆ ಒಂದು ಬೇರನ್ನು ಮಾತ್ರ ತೋರಿಸಿದರು. ಆಮೇಲೆ ಕೈ ಚಾಚಿ ನಿಂಬೆಯ ಕಾಂಡವನ್ನು ಎರಡು ಸಲ ತಟ್ಟಿದರು. ಅದರದ್ದೇನು ತಪ್ಪು ಅನ್ನುವಂತೆ.

ಬೇರು ಕತ್ತರಿಸಿದ ಮೇಲೆ ಜಾಯಿಂಟಿನ ಸೀಳು ಕಂಡಿತು. ಮೇಸ್ತ್ರಿ ಪೆಟ್ಟಿಗೆಯಿಂದ ಒಂದು ತುಂಡು ಸೈಕಲ್ ಟ್ಯೂಬು, ಒಂದು ಕಬ್ಬಿಣದ ಕ್ಲ್ಯಾಂಪು ಹೊರಗಿಟ್ಟರು. ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತಬೇಕು. ಕತ್ತರಿ ಹಿಡಿಯುವುದನ್ನು ಟೈಲರಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಸುತ್ತುವುದರಲ್ಲಿ ಎಡವಿದಳು. ಮೊದಲ ಸಲ ಸಡಿಲವಾಯಿತು. ಮೇಸ್ತ್ರಿ ತುಂಡು ಮಾಡಿ "ಆಯ್ತು" ಅಂದರು, ಅಂದರೆ ಬಿಚ್ಚು. ಎರಡನೇ ಸಲ ಓರೆಯಾಯಿತು. ಮತ್ತೆ ಬಿಚ್ಚು. ಮೂರನೇ ಸಲ ಅವರೇ ಕಷ್ಟಪಟ್ಟು ನೆಲಕ್ಕೆ ಇಳಿದು ಕೂತು ಪಟ್ಟಿಯ ಒಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದರು. ಅವಳು ಇನ್ನೊಂದು ತುದಿಯನ್ನು ಎಳೆದೆಳೆದು ಸುತ್ತಿದಳು. ಸುತ್ತಿನ ಮೇಲೆ ಸುತ್ತು, ಕಾಲರಿಗೆ ಪಟ್ಟಿ ಕೂರಿಸುವಷ್ಟು ನೀಟಾಗಿ. ಕ್ಲ್ಯಾಂಪು ಹಾಕಿ ಸ್ಪ್ಯಾನರು ತಿರುಗಿಸಿದಳು. ಇನ್ನು ತಿರುಗುವುದಿಲ್ಲ ಅಂದಾಗ ಇನ್ನೂ ಅರ್ಧ ಸುತ್ತು ತಿರುಗಿಸಿದರು ಅವರು, ಒಂದೇ ಕೈಯಲ್ಲಿ.

ಮರುದಿನ ಗಂಡ ಬಸ್ಸು ಬಿಟ್ಟು ಮನೆಗೆ ಬಂದವನು ಹಿತ್ತಲಲ್ಲಿ ಗುಂಡಿ, ಗುಂಡಿಯ ಪಕ್ಕ ಕುರ್ಚಿ, ಕುರ್ಚಿಯಲ್ಲಿ ಮಣ್ಣು ಮೆತ್ತಿದ ಅಪ್ಪನನ್ನು ಕಂಡು ಬೆಚ್ಚಿಬಿದ್ದ.

"ಏನೇ ಇದು? ಅಪ್ಪನ್ನ ಗುಂಡಿ ಕಾಯೋಕೆ ಕೂರ್ಸಿದ್ಯಾ?"

"ನಾನು ಕೂರ್ಸಿಲ್ಲಪ್ಪ. ಅವರೇ ನನ್ನ ಕೆಲಸಕ್ಕೆ ಇಟ್ಕೊಂಡಿದಾರೆ" ಅಂದಳು ಅವಳು. ಮೇಸ್ತ್ರಿಯ ಭುಜ ಕುಲುಕಿತು. ಅವರು ನಗುತ್ತಿದ್ದಾರೆ ಅಂತ ಗಂಡ ಹೆಂಡತಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಗು ಕಂಡು ವರ್ಷವೇ ಆಗಿತ್ತು.

ನೀರು ಬರುವ ಬೆಳಗ್ಗೆ ಮೂವರೂ ಗುಂಡಿಯ ಸುತ್ತ ಸೇರಿದ್ದರು. ಗಂಡ ಮೀಟರಿನ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆದ. ಟೈಲರಕ್ಕ ಕ್ಲ್ಯಾಂಪಿನ ಸುತ್ತ ಒಣ ಬಟ್ಟೆ ಹಿಡಿದು ಕೂತಿದ್ದಳು. ಬಟ್ಟೆ ಒಣಗೇ ಇತ್ತು. ಪೂರ್ತಿ ತೆರೆದರೂ ಒಣಗೇ ಇತ್ತು. ಆ ಕಡೆ ತೊಟ್ಟಿಗೆ ದಪ್ಪನೆಯ ಧಾರೆ ಧುಮ್ಮಿಕ್ಕತೊಡಗಿತು. ಆರೂಮುಕ್ಕಾಲಿಗೆಲ್ಲ ತೊಟ್ಟಿ ಕಂಠದವರೆಗೆ ತುಂಬಿತು.

ಅವಳು ಮಾವನ ಹತ್ತಿರ ಹೋದಳು. ಏನೇನೋ ಹೇಳಬೇಕು ಅನ್ನಿಸಿತು. ಕೂಗಿದ್ದು, ರೇಗಿದ್ದು, ಅರ್ಥ ಮಾಡಿಕೊಳ್ಳದೆ ಕಣ್ಣೀರು ಹಾಕಿದ್ದು, ಎಲ್ಲಾ ಒಟ್ಟಿಗೆ ನೆನಪಾಯಿತು. ಕೊನೆಗೆ ಬಾಯಿಂದ ಬಂದದ್ದು, "ಬನ್ನಿ ಮಾವ, ಇವತ್ತು ಹೊಟ್ಟೆ ತುಂಬ ಸ್ನಾನ ಮಾಡಿ" ಅಂತ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವತ್ತೇ ಮಧ್ಯಾಹ್ನ ಅವಳು ಮೆಷಿನ್ನಿಗೆ ಕೂತು ಗಟ್ಟಿ ಕ್ಯಾನ್‌ವಾಸಿನಲ್ಲಿ ಒಂದು ಉದ್ದನೆಯ ಚೀಲ ಹೊಲಿದಳು, ಹೆಗಲಿಗೆ ಪಟ್ಟಿ ಸಮೇತ. ಮುಂದಿನ ಸರದಿಗೆ ನೀರಗಂಟಿ ಬಂದಾಗ ಗೇಟಿನ ಹತ್ತಿರ ನಿಲ್ಲಿಸಿದಳು.

"ತಗೋಪ್ಪ. ಆ ಕೀಲಿ ಹೊತ್ತು ಹೊತ್ತು ಹೆಗಲು ನೋಯುತ್ತಲ್ಲ. ಅವತ್ತು ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ. ತಪ್ಪು ನಮ್ಮ ಪೈಪಿಂದೇ ಇತ್ತು."

ನೀರಗಂಟಿ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ. "ಈ ಕೆಲಸಕ್ಕೆ ಸೇರಿದಾಗಿಂದ ಬೈಗುಳ ಬಿಟ್ರೆ ಬೇರೇನೂ ಯಾರೂ ಕೊಟ್ಟಿಲ್ಲ ಅಕ್ಕಾ" ಅಂದ. "ಪೈಪು ಸೋರೋದು ಕಂಡುಹಿಡಿದಿದ್ದು ಯಾರು?"

"ಮತ್ಯಾರು, ಮೇಸ್ತ್ರಿ."

ಸುದ್ದಿ ಬೀದಿಗೆಲ್ಲ ಹಬ್ಬಿತು. ಅದಕ್ಕಿಂತ ಮೊದಲೇ ಹಿತ್ತಲಲ್ಲಿ ಮೇಸ್ತ್ರಿಯ ದರ್ಬಾರು ಶುರುವಾಗಿತ್ತು. ತೊಟ್ಟಿ ತುಂಬಿದೆ ಅಂತ ಟೈಲರಕ್ಕ ಸಂತೋಷಕ್ಕೆ ಗಿಡಗಳಿಗೆ ಕೊಡಗಟ್ಟಲೆ ಸುರಿಯಲು ಹೋದರೆ ಕೋಲು ಅಡ್ಡ ಬಂತು. ಈಗ ಅವಳಿಗೆ ಸಿಟ್ಟು ಬರಲಿಲ್ಲ. ಕೊಡ ಕೆಳಗಿಟ್ಟು, "ಹೇಳಿ ಮಾವ" ಅಂತ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವರು ಹೇಳಿದ್ದನ್ನು ಹಿಡಿಯಲು ಕೆಲವು ಸಲ ಅರ್ಧ ಗಂಟೆಯಾಗುತ್ತಿತ್ತು. ಒಗೆಯುವ ಕಲ್ಲಿನಿಂದ ನಿಂಬೆಯ ಬುಡಕ್ಕೆ ಕೋಲಿನಲ್ಲಿ ಗೆರೆ ಎಳೆದರು. ಅವಳು ಅಲ್ಲಿ ಕಾಲುವೆ ತೋಡಿದಳು, ಬಟ್ಟೆ ಜಾಲಿಸಿದ ಕೊನೆಯ ನೀರು ಅದರಲ್ಲಿ ಹರಿಯಿತು. ಸೊಪ್ಪಿನ ಮಡಿಯ ಕಡೆಗೆ ಮಾತ್ರ ಆ ಸೋಪಿನ ನೀರು ಹೋಗಕೂಡದು ಅಂತ ಮಣ್ಣಿನ ಒಡ್ಡು ಹಾಕಿಸಿದರು. ಸೊಪ್ಪಿಗೆ ತರಕಾರಿ ತೊಳೆದ ನೀರು. ಬೇಲಿಯ ಕೆಳಗೆ ಉದುರಿದ ಒಣಗಿದ ಎಲೆಯನ್ನೆಲ್ಲ ಗುಡಿಸಿ ಸುಡುತ್ತಿದ್ದವಳಿಗೆ ಅದನ್ನು ಗಿಡಗಳ ಬುಡಕ್ಕೆ ಹೊದಿಸಲು ಹೇಳಿದರು. ಎರಡು ದಿನ ಕಳೆದು ಎಲೆ ಸರಿಸಿ ಬೆರಳಿಟ್ಟು ನೋಡಿದರೆ ಒಳಗೆ ಮಣ್ಣು ಇನ್ನೂ ತಂಪಾಗಿತ್ತು.

ಒಂದು ಉಪಾಯ ಅವಳದ್ದೇ. ಹೊಲಿಗೆ ಕೋಣೆಯಲ್ಲಿ ಮೂಟೆಗಟ್ಟಲೆ ಹತ್ತಿ ಬಟ್ಟೆಯ ಚೂರು ಬಿದ್ದಿತ್ತು. ಅದನ್ನು ಹುರಿ ಮಾಡಿ, ಒಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಇಳಿಬಿಟ್ಟು ಇನ್ನೊಂದನ್ನು ಟೊಮೆಟೊ ಬುಡದಲ್ಲಿ ಹೂತಳು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರು ಮೆಲ್ಲಗೆ ಬೇರಿಗೆ ಇಳಿಯಿತು. ಮೇಸ್ತ್ರಿ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಪೆಟ್ಟಿಗೆಯಿಂದ ಒಂದು ಸಣ್ಣ ಸ್ಪ್ಯಾನರು ತೆಗೆದು ಅವಳ ಕೈಯಲ್ಲಿಟ್ಟರು. ಬಹುಮಾನವೋ, ಮೇಸ್ತ್ರಿಯ ಪಟ್ಟವೋ, ಅವಳಿಗೆ ತಿಳಿಯಲಿಲ್ಲ. ಅದನ್ನು ಕತ್ತರಿಗಳ ಡಬ್ಬಿಯಲ್ಲಿ ಇಟ್ಟುಕೊಂಡಳು.

ಬಾಡಿದ ಬದನೆಯಲ್ಲಿ ಎರಡು ಗಿಡ ಉಳಿಯಲಿಲ್ಲ. ಟೊಮೆಟೊ ಪೂರ್ತಿ ಚೇತರಿಸಿಕೊಂಡಿತು. ನಿಂಬೆ ಒಂದು ಬೇರು ಕಳೆದುಕೊಂಡ ಸಿಟ್ಟಿಗೆ ಹದಿನೈದು ದಿನ ಎಲೆ ಉದುರಿಸಿ ಆಮೇಲೆ ಸುಮ್ಮನಾಯಿತು.

ಎದುರುಮನೆ ಟೀಚರ್ ಬಂದದ್ದು ಒಂದು ಭಾನುವಾರ. "ಮೇಸ್ತ್ರಿಗಳೇ, ಎಲ್ಲಾ ನಲ್ಲಿ ಮುಚ್ಚಿದ್ರೂ ನಮ್ಮ ಮೀಟರು ತಿರುಗುತ್ತೆ. ಸ್ವಲ್ಪ ಬಂದು ನೋಡ್ತೀರಾ?" ಅಂದರು. ವರ್ಷದಿಂದ ಈ ಮನೆಗೆ ಬಂದವರೆಲ್ಲ "ಹೇಗಿದ್ದಾರೆ ಅವರು?" ಅಂತ ಟೈಲರಕ್ಕನನ್ನು ಕೇಳುತ್ತಿದ್ದರು. ಅವರನ್ನೇ ನೋಡಿ, ಅವರಿಂದ ಏನೋ ಬೇಕು ಅಂತ ಕೇಳಿದ್ದು ಇದೇ ಮೊದಲು. ಮೇಸ್ತ್ರಿ ಎದ್ದು ನಿಂತರು. ರಸ್ತೆ ದಾಟಲು ಹತ್ತು ನಿಮಿಷ ಹಿಡಿಯಿತು. ಎರಡು ಕಡೆ ಸ್ಕೂಟರುಗಳು ನಿಂತು ದಾರಿ ಬಿಟ್ಟವು. ಟೀಚರ್ ಮನೆಯ ಫ್ಲಶ್ ಟ್ಯಾಂಕಿನಿಂದ ನೀರು ಸದ್ದಿಲ್ಲದೆ ಇಳಿಯುತ್ತಿದೆ ಅಂತ ಅವರು ಬಾಗಿಲಲ್ಲೇ ನಿಂತು ಬೆರಳು ತೋರಿಸಿದರು. ಟೈಲರಕ್ಕ ಒಳಗಿನ ವಾಷರು ಬದಲಿಸಿದಳು. ಮುಂದಿನ ವಾರ ಮೂಲೆಮನೆ, ಅದರ ಮುಂದಿನ ವಾರ ನೀರಗಂಟಿಯ ಅಕ್ಕನ ಮನೆ.

ತಿಂಗಳ ತಪಾಸಣೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಮೇಸ್ತ್ರಿಯ ಕಾಲು ಮಡಿಸಿ, ಬಿಡಿಸಿ ನೋಡಿ, "ಚೆನ್ನಾಗಿ ಸುಧಾರಿಸಿದೆ. ಏನು ವ್ಯಾಯಾಮ ಮಾಡಿಸ್ತಿದೀರಾ?" ಅಂತ ಕೇಳಿದರು.

"ವ್ಯಾಯಾಮ ಏನಿಲ್ಲ ಡಾಕ್ಟರೇ" ಅಂದಳು ಟೈಲರಕ್ಕ. "ಕೆಲಸಕ್ಕೆ ಹೋಗ್ತಾರೆ."

ಮನೆಗೆ ಬಂದ ಮೇಲೆ ಅವಳು ಮಾವನನ್ನು ಹೊಲಿಗೆ ಕೋಣೆಗೆ ಕರೆದು ಕನ್ನಡಿಯ ಮುಂದೆ ನಿಲ್ಲಿಸಿದಳು. ಊರಿಗೆಲ್ಲ ಹೊಲಿದವಳು ಈ ಮನುಷ್ಯನಿಗೆ ಇಷ್ಟು ವರ್ಷದಲ್ಲಿ ಒಂದು ಅಂಗಿ ಹೊಲಿದಿರಲಿಲ್ಲ. ಅವರು ಕೇಳಿರಲಿಲ್ಲ, ಇವಳಿಗೆ ಅವರ ಅಳತೆ ತೆಗೆಯುವ ಧೈರ್ಯ ಬಂದಿರಲಿಲ್ಲ. ಗುಂಡಿಗಳ ಬದಲು ಒಂದೇ ಕೈಯಲ್ಲಿ ಒತ್ತಿ ಹಾಕಿಕೊಳ್ಳುವ ಟಿಚ್‌ಬಟನ್ ಇಡಬೇಕು, ಜೇಬನ್ನು ಎಡಗೈಗೆ ಸಿಗುವ ಹಾಗೆ ಎದೆಯ ಬಲಕ್ಕೆ ಇಡಬೇಕು ಅಂತ ಅವಳು ಆಗಲೇ ಲೆಕ್ಕ ಹಾಕಿದ್ದಳು.

ಟೇಪನ್ನು ಅವರ ಭುಜದ ಮೇಲೆ ಎಳೆಯುತ್ತಾ, ಕನ್ನಡಿಯಲ್ಲಿ ಅವರ ಮುಖ ನೋಡದೆ, ಹೇಳಿದಳು. "ಮಾವ, ನೀವು ಅವತ್ತು ಎದ್ದು ಹೋಗಿ ಆ ಮಣ್ಣಲ್ಲಿ ಮಲಗಿದ್ರಲ್ಲ. ಬಿದ್ದಿದ್ರೆ ಏನು ಗತಿ? ನಾನು ಅಷ್ಟು ಬೈದ್ರೂ ನೀವು ಬಿಡಲಿಲ್ಲ. ನಂಗೆ ಅದನ್ನ ನೆನೆಸ್ಕೊಂಡ್ರೆ..." ಟೇಪನ್ನು ಇನ್ನೊಂದು ಭುಜಕ್ಕೆ ಎಳೆದಳು. "ನೀವು ನಮ್ಮ ಜೊತೆ ಇರೋದೇ ದೊಡ್ಡದು. ಅಷ್ಟೇ ಹೇಳ್ಬೇಕಿತ್ತು."

ಮೇಸ್ತ್ರಿ ಎಡಗೈಯಿಂದ ತಮ್ಮ ಬಲಗೈಯನ್ನು ಹಿಡಿದು ಮೆಲ್ಲಗೆ ಮೇಲೆತ್ತಿ ಅವಳ ಅಳತೆಗೆ ಚಾಚಿ ಕೊಟ್ಟರು. ಆ ತೋಳು ಎಡಗಡೆಯದಕ್ಕಿಂತ ತೆಳ್ಳಗಾಗಿತ್ತು. ಅವಳು ಎರಡರ ಅಳತೆಯನ್ನೂ ಬೇರೆ ಬೇರೆಯಾಗಿ ಬರೆದುಕೊಂಡಳು.